ಡಗ್ಗಾ ಸೋರಿದ ಇಯರ್‌ಫೋನ್

"ಗುರುಗಳೇ, ತಪ್ಪು ತಿಳಿಯಬೇಡಿ. ನಿಮ್ಮ ಗಾಯನದಲ್ಲಿ ನನಗೆ ಆಳ ಕೇಳಿಸುತ್ತಿಲ್ಲ. ಮೊನ್ನೆ ಹಾಡಿದರಲ್ಲ, ಆ ಪಂಡಿತರ ಬಳಿ ಕಲಿಯಲು ಹೋಗಲೇ?" ಎಂದು ಶಿಷ್ಯ ರಾಚಯ್ಯ ಕೇಳಿದ.

ಗವಾಯಿ ಸಿದ್ರಾಮಪ್ಪನವರು ಸಿಟ್ಟಾಗಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕೇಳುಗನಿದ್ದ. ಊಟ ಬಿಟ್ಟರೂ ಸಂಗೀತ ಬಿಡದವನು. ಅವನ ಬಳಿ ಬೆಲೆಬಾಳುವ ಒಂದು ಇಯರ್‌ಫೋನ್ ಇತ್ತು. ಅದರಲ್ಲಿ ಗಾಯಕನ ತಾನುಗಳು ಎಳೆ ಎಳೆಯಾಗಿ ಬಿಡಿಸಿಟ್ಟಂತೆ ಕೇಳುತ್ತಿದ್ದವು. ತಬಲಾದ ಎಡಭಾಗದ ಡಗ್ಗಾ ಮಾತ್ರ ಗೋಡೆಯಾಚೆ ನುಡಿದಂತಿತ್ತು. ಇದಕ್ಕೆ ಎದೆಯೇ ಇಲ್ಲ, ಆಳವೇ ಇಲ್ಲ ಎಂದುಕೊಂಡ. ಆ ಮಾದರಿಯ ತಯಾರಿಕೆ ನಿಂತುಹೋಗಿತ್ತು. ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವಂಥದ್ದಲ್ಲ. ಆದರೂ ಬದಲಿಸಿಕೊಳ್ಳಲೆಂದು ವರ್ತಕನ ಅಂಗಡಿಗೆ ಹೋದ.

ವರ್ತಕ ಬೇರೊಂದನ್ನು ತೆಗೆದ. ಅಂಗಡಿಯ ರೂಢಿಯಂತೆ ಅದರ ತುದಿಗೆ ಗಿರಾಕಿಯ ಕಿವಿಯ ಅಳತೆಯ ರಬ್ಬರು ತೊಡಿಸಿ ಕೊಟ್ಟ. ಕೇಳುಗ ಹಾಕಿಕೊಂಡ. ಡಗ್ಗಾ ಎದೆಗೇ ಬಡಿಯಿತು. ಗಾಯಕ ಮಾತ್ರ ಬಾಯಿಗೆ ಶಾಲು ಅಡ್ಡ ಹಿಡಿದು ಹಾಡಿದಂತಿತ್ತು. ಹೋಗಲಿ, ಎಲ್ಲವೂ ಒಂದರಲ್ಲೇ ಎಲ್ಲಿ ಸಿಗುತ್ತದೆ ಎಂದುಕೊಂಡ.

"ಇದೇ ಇರಲಿ ಸಾಹುಕಾರರೇ. ನನ್ನ ಹಳೆಯದನ್ನು ನೀವಿಟ್ಟುಕೊಳ್ಳಿ."

ಕೇಳಿ ನೋಡದೆ ಯಾವುದನ್ನೂ ಇಟ್ಟುಕೊಳ್ಳುವವನಲ್ಲ ವರ್ತಕ. ಹಳೆಯದರ ರಬ್ಬರು ಕಿತ್ತ, ತನ್ನ ಅಳತೆಯದು ತೊಡಿಸಿದ, ಕಿವಿಗೆ ಹಾಕಿಕೊಂಡ. ನೋಡುತ್ತಿದ್ದಂತೆ ತಲೆದೂಗತೊಡಗಿದ. ಬಾಗಿಲಿಗೆ ಇನ್ನೊಬ್ಬ ಗಿರಾಕಿ ಬಂದರೂ ಕಣ್ಣು ತೆರೆಯಲಿಲ್ಲ. ಕೇಳುಗ ಹತ್ತಿರ ಹೋಗಿ ಭುಜ ತಟ್ಟಿದ.

"ಏನ್ರೀ, ಎದೆಯಿಲ್ಲದ್ದನ್ನು ಕೇಳಿ ಇಷ್ಟು ತಲೆದೂಗುತ್ತೀರಲ್ಲ!"

"ಎದೆ ಇಲ್ಲವೇ? ನಾನು ಕಿತ್ತ ಈ ರಬ್ಬರು ನಿಮ್ಮ ಕಿವಿಗೆ ಚಿಕ್ಕದು ರಾಯರೇ. ಇದರ ಡಬ್ಬಿಯಲ್ಲಿ ಬೇರೆ ಅಳತೆಯವೂ ಇದ್ದವಲ್ಲ, ಮುಟ್ಟಿಯೂ ನೋಡಿಲ್ಲವೇ? ಇಷ್ಟು ದಿನ ಡಗ್ಗಾ ಎಲ್ಲ ಸಂದಿಯಿಂದ ಸೋರಿ ಬೀದಿಪಾಲಾಗಿದೆ. ಈಗ ಸರಿಯಾದದ್ದು ಹಾಕಿಕೊಂಡು ಎರಡನ್ನೂ ಹೋಲಿಸಿ."

ಕೇಳುಗ ಸರಿಯಾದ ಅಳತೆಯದನ್ನು ತೊಡಿಸಿಕೊಂಡು ಹಳೆಯದನ್ನೇ ಮತ್ತೆ ಹಾಕಿಕೊಂಡ. ತಾನಿನ ಎಳೆ ಒಂದೂ ಕಳಚಿರಲಿಲ್ಲ. ಕೆಳಗೆ ಡಗ್ಗಾ ಗುಮ್ಮೆಂದು, ತೂಕವಾಗಿ ಕೂತು ನುಡಿಯುತ್ತಿತ್ತು. ಹೊಸದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ತನ್ನದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮನೆಗೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯ, "ಹಾಗಾದರೆ ನಾನು ಹೋಗಬಾರದು ಅನ್ನುತ್ತೀರಾ?" ಎಂದ.

"ಧಾರಾಳವಾಗಿ ಹೋಗಪ್ಪ, ಆದರೆ ಅಲ್ಲಿಗೂ ನೀನು ಒಯ್ಯುವುದು ಇದೇ ಕಿವಿಯನ್ನೇ."