ಬಿಳಿ ಹೇಟೆಯ ಕೆಂಪು ಮರಿ

"ಕೇಳ್ರಪ್ಪೋ ಕೇಳಿ! ಕೋಳಿಮರಿಯ ಮೂರು ಒಗಟು ಬಿಡಿಸಿದವರಿಗೆ ದೇಮರಸ ದೊರೆಯ ಅರ್ಧ ರಾಜ್ಯ. ತಪ್ಪಿದವರಿಗೆ ತಲೆದಂಡ!"

ಹೀಗೆಂದು ಸೀಮೆಯಲ್ಲೆಲ್ಲ ಡಂಗುರ ಹೊಡೆದರು. ಜನ ಮೊದಲು ನಕ್ಕರು. ಕೋಳಿಮರಿಗೊಂದು ತಲೆಯೇ, ದೊರೆಗೆ ಅರಳುಮರುಳು ಅಂದರು. ಮೊದಲ ತಲೆ ಉರುಳಿದ ಮೇಲೆ ಯಾರೂ ನಗಲಿಲ್ಲ ಅನ್ನಿ.

ಅರಳುಮರುಳಲ್ಲ, ಅದು ಹೊಟ್ಟೆಯೊಳಗಿನ ಸಂಕಟ. ದೇಮರಸ ಬೆಳ್ಳಗಿನ ಆಳು, ರಾಣಿ ಲಚ್ಚಲೆಯೂ ಹಾಗೇ. ಅವರಿಗೊಂದು ಹೆಣ್ಣುಮಗು ಹುಟ್ಟಿತು. ಹುಟ್ಟಿದಾಗ ಹಾಲಿನಂತಿದ್ದದ್ದು ತೊಟ್ಟಿಲಲ್ಲೇ ಕಪ್ಪಾಗುತ್ತ ಬಂತು. ಊರ ಬಾಯಿ ಮುಚ್ಚುವವರು ಯಾರು? ಪಿಸುಮಾತು ದೊರೆಯ ಕಿವಿಗೂ ಬಿತ್ತು. ಹಿಂದುಮುಂದು ನೋಡದೆ ತಾಯಿಮಗುವನ್ನು ಕೋಟೆಯಾಚೆ ಅಟ್ಟಿದ. "ದೇವರಾಣೆಗೂ ನನ್ನ ತಪ್ಪಿಲ್ಲ" ಅಂದಳು ರಾಣಿ. ಅವನು ಮುಖ ತಿರುಗಿಸಿದ. ಅದಾಗಿ ಒಂದು ತಲೆಮಾರೇ ಕಳೆಯಿತು.

ಆಮೇಲೆ ಅವನಿಗೆ ಉಳಿದದ್ದು ಕೋಳಿ ಸಾಕುವ ಚಟ ಒಂದೇ. ಬಿಳಿ ಹೇಟೆಯೊಂದನ್ನು ಬಿಳಿ ಹುಂಜದ ಜೊತೆ ಕೂಡಿಹಾಕಿ, ಗೂಡಿನ ಬೀಗದ ಕೈಯನ್ನು ತನ್ನ ಉಡಿದಾರಕ್ಕೇ ಕಟ್ಟಿಕೊಂಡಿದ್ದ. ಆ ಹೇಟೆಯ ಹಳದಿ ಮರಿಯೊಂದಕ್ಕೆ ಪುಕ್ಕ ಬಂದಾಗ ನೋಡುತ್ತಾನೆ, ಕೆಂಪು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಅವತ್ತಿನಿಂದ ದೊರೆಗೆ ಅನ್ನ ಸೇರಲಿಲ್ಲ. ಹೇಟೆ ತಪ್ಪು ಮಾಡಿಲ್ಲವೆಂದರೆ, ಲಚ್ಚಲೆ? ಕಾರಣ ತಿಳಿಯಲೇಬೇಕು. ತಿಳಿದರೆ ಬದುಕುವುದು ಹೇಗೆಂಬ ಭಯ ಬೇರೆ. ಅದಕ್ಕೇ ಈ ಡಂಗುರ; ಮೊದಲೆರಡು ಒಗಟು ತಾನೇ ಕೋಳಿ ಸಾಕಿ ಕಂಡದ್ದು, ಮೂರನೆಯದು ತನಗೂ ತಿಳಿಯದ್ದು.

ಅರ್ಧ ರಾಜ್ಯ ಅಂದರೆ ಸುಮ್ಮನೆಯೇ? ಮೊದಲು ದಳವಾಯಿ ಬಂದ. ದೊರೆ ಕೇಳಿದ, "ಪಟ್ಟೆ ಹೇಟೆ, ಕರಿ ಹುಂಜ. ಮರಿ ಎರಡೂ ಕಪ್ಪು, ಒಂದರ ನೆತ್ತಿಯ ಮೇಲೆ ಬಿಳಿ ಚುಕ್ಕಿ. ದೊಡ್ಡವಾದಾಗ ಯಾವ ಬಣ್ಣ?" ಎರಡೂ ಕಪ್ಪು ಅಂದ ದಳವಾಯಿ. ಅವನ ಕತೆ ಅಲ್ಲಿಗೆ ಮುಗಿಯಿತು. ಪಾಳೆಯಗಾರನ ಮಗ ಹೇಗೋ ಅದನ್ನು ದಾಟಿ ಎರಡನೆಯದಕ್ಕೆ ಮುಗ್ಗರಿಸಿದ. "ಕರಿ ಹುಂಜ, ಮಸಿ ಸಿಡಿದಂಥ ಬಿಳಿ ಹೇಟೆ. ಇವುಗಳ ಮರಿ ಬೆಳೆದು ಯಾರನ್ನು ಹೋಲುತ್ತದೆ?" ಎಂದರೆ, "ಅರ್ಧ ಅಪ್ಪನನ್ನು, ಅರ್ಧ ಅಮ್ಮನನ್ನು" ಅಂದಿದ್ದ.

ಹುಂಜ ಕಾದಿಸುವುದರಲ್ಲಿ ಹೆಸರಾದ ಮಾಚಣ್ಣ ಮೂರನೆಯದರ ತನಕ ಬಂದ. ಒಗಟು ಕೇಳಿ ಮೀಸೆಯಲ್ಲೇ ನಕ್ಕ. "ಇದರಲ್ಲೇನಿದೆ ಒಡೆಯ, ಹೇಟೆ ಕದ್ದು ಗೂಡು ಹಾರಿದೆ." ದೊರೆ ಕೈ ಬೀಸಿಬಿಟ್ಟ, ತಲೆ ಉರುಳಿತು. ಅದೇ ಮಾತನ್ನು ಹಿಂದೆ ಆಡಿದವನು ತಾನೇ ಅಲ್ಲವೇ? ತನ್ನ ತಪ್ಪಿಗೆ ಇನ್ನೊಬ್ಬನ ಕುತ್ತಿಗೆ ಕೊಯ್ಸಿದೆನಲ್ಲ ಎಂದು ಆಮೇಲೆ ಕೊರಗಿದ.

ಒಂದು ದಿನ ಹಟ್ಟಿಯಿಂದ ಸಣ್ಣೀರ ಎಂಬ ಹುಡುಗ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಬರಿಗಾಲು.

"ಜೀವ ಬೇಡವಾಯಿತೇನೋ? ಮನೇಲಿ ಹೆಂಡತಿ ಇರಬೇಕಲ್ಲ, ಹೋಗು" ಅಂದ ದೊರೆ.

"ಇದ್ದಾಳೆ ಬುದ್ಧಿ. ಅವಳೇ ಕರಕೊಂಡು ಬಂದದ್ದು. ಕೇಳಿ."

ದೊರೆ ಮೊದಲನೆಯದನ್ನು ಕೇಳಿದ.

"ನೆತ್ತಿ ಮೇಲೆ ಚುಕ್ಕಿ ಇರೋದು ಹುಂಜ, ಪಟ್ಟೆಪಟ್ಟೆಯಾಗುತ್ತೆ. ಇಲ್ಲದ್ದು ಹೇಟೆ, ಕಪ್ಪಾಗೇ ಉಳಿಯುತ್ತೆ. ಅಲ್ಲಿ ತಾಯಿ ಪಟ್ಟೆ ಗಂಡಿಗೇ ಹೋಗೋದು ಬುದ್ಧಿ."

ಎರಡನೆಯದನ್ನು ಕೇಳಿದ.

"ಆ ಮರಿ ಅಪ್ಪನನ್ನೂ ಹೋಲಲ್ಲ, ಅಮ್ಮನನ್ನೂ ಹೋಲಲ್ಲ. ಒಲೆ ಬೂದಿ ಬಣ್ಣ ಬರುತ್ತೆ. ಹಾಗಂತ ಅದು ಬೇರೆಯವರ ಮರಿಯಲ್ಲ."

ದೊರೆಯ ಕೈ ಉಡಿದಾರದ ಬೀಗದ ಕೈಯನ್ನು ಹಿಡಿದುಕೊಂಡಿತು. ಮೂರನೆಯದನ್ನು ಕೇಳಿದ. "ಬಿಳಿ ಹೇಟೆ, ಬಿಳಿ ಹುಂಜ. ಗೂಡಿಗೆ ಬೀಗ. ಹಳದಿ ಮರಿ ಬೆಳೆದು ಕೆಂಪಾಯಿತು. ತಪ್ಪು ಯಾರದು?"

"ಯಾರದೂ ಅಲ್ಲ ಬುದ್ಧಿ. ಹಿಂದಿನ ತಲೆಮಾರಲ್ಲಿ ಎರಡು ಕಡೆಯೂ ಕೆಂಪು ಇದ್ದಿರಬೇಕು. ಬಿಳುಪು ಅನ್ನೋದು ಮೇಲೆ ಹೊದ್ದ ಕಂಬಳಿ, ಅಡೀಲಿ ಅಜ್ಜಿಯ ಬಣ್ಣ ಮಲಗಿರುತ್ತೆ. ಯಾವುದೋ ಒಂದು ಮರೀಲಿ ಏಳುತ್ತೆ. ಹೇಟೇನ ಬಯ್ಯೋಕೆ ಮುಂಚೆ ಅಜ್ಜೀನ ನೆನೀಬೇಕು."

ದೊರೆಗೆ ತನ್ನ ಅಜ್ಜಿ ನೆನಪಾದಳು. ರಾಗಿಮುದ್ದೆ ಮುರಿದು ಬಾಯಿಗಿಡುತ್ತಿದ್ದ ಆ ಕೈ, ಮುದ್ದೆಗಿಂತ ಕಪ್ಪಗಿತ್ತು. ಆ ಕೈತುತ್ತು ತಿಂದೇ ಬೆಳೆದವನಿಗೆ, ಮಗುವನ್ನು ಅಟ್ಟುವಾಗ ಆ ಕೈ ನೆನಪಾಗಲಿಲ್ಲ. ದೊರೆ ಎಲ್ಲರೆದುರೇ ಅತ್ತುಬಿಟ್ಟ.

"ಯಾರು ಹೇಳಿಕೊಟ್ಟರಪ್ಪ ನಿನಗೆ?"

"ನಮ್ಮತ್ತೆ ಲಚ್ಚವ್ವ. ಕೂಸು ಕಟ್ಟಿಕೊಂಡು ನಮ್ಮ ಹಟ್ಟಿಗೆ ಬಂದು, ಕೋಳಿ ಸಾಕಿ ಬದುಕಿದಳು. ಮರಿಗಳನ್ನ ನೋಡ್ತಾ ನೋಡ್ತಾ ತನ್ನ ಮೇಲಿನ ಮಾತಿಗೆ ತಾನೇ ಉತ್ತರ ಕಂಡುಕೊಂಡಳು. ಹೇಳೋಕೆ ಇಲ್ಲೀತನಕ ಬಂದಿದ್ದಳು. ನಿಮ್ಮ ಅಪ್ಪಣೆ ಅಂತ ಕಾವಲಿನವರು ಒಳಗೆ ಬಿಡಲಿಲ್ಲ. ಹೋದ ಸುಗ್ಗೀಲಿ ತೀರಿಕೊಂಡಳು."

ದೊರೆ ಕೇಳಿದ, "ಕೂಸು?"

"ಹೊನ್ನಿ. ನನ್ನ ಹೆಂಡತಿ. ನಮ್ಮ ಕೂಸು ಬೆಳ್ಳಗೆ ಹುಟ್ಟಿತು ಬುದ್ಧಿ. ಅಟ್ಟಿಬಿಡು ಅವಳನ್ನ ಅಂತ ಹಟ್ಟಿಯವರು ನನಗೂ ಹೇಳಿದರು. ನಾನು ಅಟ್ಟಲಿಲ್ಲ."

ಅರ್ಧ ರಾಜ್ಯ ತೊಗೋ ಅಂದರೆ ಸಣ್ಣೀರ ಬೇಡವೆಂದು ತಲೆಯಾಡಿಸಿದ. "ತಲೆ ತೆಗೆಯೋ ಡಂಗುರ ನಿಲ್ಲಿಸಿ. ಅದೇ ತಮಟೇಲಿ ನಮ್ಮತ್ತೆಯದು ತಪ್ಪಿಲ್ಲ ಅಂತ ಹೊಡೆಸಿ. ಅಷ್ಟು ಸಾಕು."

ದೊರೆ ಕೋಟೆ ಬಾಗಿಲಿಗೆ ಓಡಿದ. ಹುಣಸೆ ಮರದಡಿ ಹೊನ್ನಿ ಕೂತಿದ್ದಳು. ಅವನು ಕೈ ಚಾಚಿದ. ಅವಳು ಎದ್ದು ಕೂಸನ್ನು ಕೊಟ್ಟಳು. "ಎತ್ಕೊಳ್ಳಿ ಬುದ್ಧಿ. ಒಳಗೆ ಮಾತ್ರ ಕರೀಬೇಡಿ" ಅಂದಳು. ಅಪ್ಪಾ ಅನ್ನಲಿಲ್ಲ. ಕೂಸಿನ ಮುಖದಲ್ಲಿದ್ದದ್ದು ಅವನದೇ ಬಣ್ಣ.

ಅವರು ಬೇಡವೆಂದರೂ ದೊರೆ ಅರ್ಧ ಸೀಮೆಯನ್ನು ಕೂಸಿನ ಹೆಸರಿಗೆ ಬಿಟ್ಟ. ಡಂಗುರ ಊರೂರು ಸುತ್ತಿ ಹಟ್ಟಿಯಾಚೆಯ ಮಣ್ಣುಗುಡ್ಡೆಯ ಹತ್ತಿರ ಬಂದಾಗ, ತಮಟೆಯವನನ್ನು ನಿಲ್ಲಿಸಿ ದೊರೆ ತಾನೇ ಕೂಗಿದ, "ಲಚ್ಚಲೆಯದು ತಪ್ಪಿಲ್ಲ, ತಪ್ಪು ನನ್ನದು." ಸೀಮೆಯೆಲ್ಲ ಕೇಳಿತು. ಕೇಳಬೇಕಾದವಳು ಮಣ್ಣಿನೊಳಗಿದ್ದಳು.

ಕತೆ ಕೇಳಿದವರು ಮನೆಗೆ ಹೋಗಿ. ಯಾರ ಮೇಲಾದರೂ ಬೆರಳು ತೋರಿಸುವ ಮೊದಲು ನಿಮ್ಮ ಅಜ್ಜಿಯ ಕೈಯನ್ನೊಮ್ಮೆ ನೆನೆದುಕೊಳ್ಳಿ.