ಒರೆಗಲ್ಲು ತಿಂದ ಆನೆ

"ಬುದ್ಧಿ, ತಾವು ಕೊಟ್ಟ ಮಂತ್ರ ನಿಜವಾದದ್ದೇ ಎಂದು ತಿಳಿಯುವುದು ಹೇಗೆ?" ಎಂದು ಕೊಟ್ರಯ್ಯ ಕೇಳಿದ. ಮಂತ್ರ ಪಡೆದು ವರ್ಷವಾಗಿತ್ತು. ಅಷ್ಟರಲ್ಲಿ ಅವನು ಬೇರೆ ನಾಲ್ಕು ಮಠಗಳಿಗೆ ಹೋಗಿ ಇದೇ ಪ್ರಶ್ನೆ ಕೇಳಿ ಬಂದಿದ್ದ. ಗುರುಗಳು ನಕ್ಕು, "ಕೂತುಕೋ ಮಾರಾಯ" ಎಂದು ಕತೆ ತೆಗೆದರು.

ಒಬ್ಬ ಅಂಬಿಗನಿದ್ದ. ಅವನ ತಾಯಿ ಸಾಯುವಾಗ ಹಳೆಯದೊಂದು ನಾಣ್ಯ ಕೈಗಿಟ್ಟು, "ಮಗಾ, ಕಷ್ಟ ಬಂದ ದಿನ ಇದನ್ನು ಅರಮನೆಗೆ ಒಯ್ದು ತೋರಿಸು" ಎಂದಳು. ನಾಣ್ಯದ ಮೇಲೆ ಆನೆಯಿತ್ತು, ಆನೆಯ ಕೆಳಗೆ ದೋಣಿಯಿತ್ತು. ಬಣ್ಣ ಮಾಸಿ ಕೆಂಪಗಾಗಿತ್ತು.

ಕಷ್ಟ ಬಂದೇ ಬಂತು. ಸಾಹುಕಾರನೊಬ್ಬ ಹೊಳೆ ದಾಟಿಸುವ ಕಡವು ತನ್ನದೆಂದು ದೂರು ಕೊಟ್ಟ. ಯುಗಾದಿಯೊಳಗೆ ಹಕ್ಕು ತೋರಿಸದಿದ್ದರೆ ಅಂಬಿಗ ದೋಣಿ ಬಿಟ್ಟು ಇಳಿಯಬೇಕು. ಅವನು ನಾಣ್ಯ ತೆಗೆದ. ಆಗಲೇ ತಲೆಗೆ ಹುಳ ಹೊಕ್ಕಿತು. ಇದು ಬರೀ ತಾಮ್ರವಾಗಿದ್ದರೆ? ದೊರೆಯ ಮುಂದೆ ನಗೆಪಾಟಲಾಗುವುದಿಲ್ಲವೆ?

ನಾಣ್ಯದ ಲೋಹ ನೋಡಿ ಹೇಳುವ ಚಿನಿವಾರನ ಬಳಿಗೆ ಹೋದ. ಅವನು ಒರೆಗಲ್ಲಿಗೆ ಉಜ್ಜಿ, "ಚಿನ್ನ" ಎಂದ. ಅಂಬಿಗನಿಗೆ ಸಮಾಧಾನವಾಗಲಿಲ್ಲ. ಮುಂದಿನ ಪೇಟೆಯವನು ಅರ ಹಾಕಿ ತಿಕ್ಕಿ, "ಚಿನ್ನ" ಎಂದ. ಅದರಾಚೆಯವನು ಉಳಿಯಿಂದ ಕೆತ್ತಿ ನೋಡಿ ಅದನ್ನೇ ಹೇಳಿದ. ಹೀಗೆ ಹನ್ನೊಂದು ಪೇಟೆ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಪುಣ್ಯಾತ್ಮ.

ಕಡೆಗೆ ರಾಜಧಾನಿಯ ಮುದುಕ ಚಿನಿವಾರ ಸಿಕ್ಕಿದ. ಅವನು ಒರೆಗಲ್ಲನ್ನು ಮುಟ್ಟಲೇ ಇಲ್ಲ. ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಉಜ್ಜಿಸಿ ಉಜ್ಜಿಸಿ ಸವೆದು ನುಣ್ಣಗಾದ ನಾಣ್ಯದ ಅಂಚಿನಲ್ಲಿ ಸೊಂಡಿಲ ತುದಿ ಮಾತ್ರ ಉಳಿದಿತ್ತು. ರುಮಾಲು ತೆಗೆದಿಟ್ಟು ಎದ್ದು ನಿಂತು ಆ ನಾಣ್ಯಕ್ಕೆ ಕೈ ಮುಗಿದ.

"ಶಿವನೇ! ಈ ಆನೆಯ ಕೆಳಗೆ ದೋಣಿ ಇತ್ತೇನಪ್ಪಾ?"

"ಇತ್ತು ಯಜಮಾನರೆ."

"ನಮ್ಮಜ್ಜ ಹೇಳಿದ್ದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಮಹಾಪೂರದಲ್ಲಿ ದೊರೆಯನ್ನು ದಾಟಿಸಿದ ಅಂಬಿಗನಿಗೆಂದು ಅಚ್ಚು ಹಾಕಿಸಿದ ಒಂದೇ ಒಂದು ನಾಣ್ಯ ಇದು. ಹೊಳೆ ಹರಿಯುವವರೆಗೆ ಕಡವು ಆ ಮನೆಯವರದು. ತಾಮ್ರದ್ದಾಗಿದ್ದರೂ ಈ ಆನೆ, ದೋಣಿ ಕಂಡರೆ ಅರಮನೆಯೇ ಎದ್ದು ನಿಲ್ಲುತ್ತಿತ್ತು."

ಅಂಬಿಗನ ಮೈ ಜುಮ್ಮೆಂದಿತು. ಅಂಥ ಮನೆಯಲ್ಲಿ ಹುಟ್ಟಿದವನೇ ತಾನು! ಇಷ್ಟು ದಿನ ಆ ನಾಣ್ಯವನ್ನು ಸೊಂಟಕ್ಕೆ ಕಟ್ಟಿಕೊಂಡೇ ತಿರುಗಿದ್ದ. "ಈಗ ತೋರಿಸಿದರೆ?" ಎಂದ.

"ಈಗ ಇದು ಬರೀ ಚಿನ್ನ. ಚಿನ್ನ ಅರಮನೆಯಲ್ಲಿ ಬೇಕಾದಷ್ಟಿದೆ."

ಯುಗಾದಿಯ ದಿನ ಕಡವು ಸಾಹುಕಾರನ ಪಾಲಾಯಿತು. ಕೊಟ್ರಯ್ಯ ಉಸಿರು ಬಿಡದೆ ಕೇಳುತ್ತಿದ್ದ. ಗುರುಗಳು ಅವನ ಮುಖ ನೋಡಿ ಮೆಲ್ಲಗೆ ಕೇಳಿದರು:

"ಮಂತ್ರವನ್ನು ನಾಲ್ಕು ಮಠಗಳಲ್ಲಿ ಒರೆಗೆ ಹಚ್ಚಿಸಿ ಬಂದೆಯಲ್ಲ ಕೊಟ್ರಯ್ಯ, ಒಂದು ದಿನವಾದರೂ ಜಪಿಸಿದೆಯಾ?"