ಮೊಣಕಾಲುದ್ದ ನೀರು

ಆಶ್ರಮದಲ್ಲಿ ಆ ಬೆಳಿಗ್ಗೆ ಒಲೆ ಹೊತ್ತಲಿಲ್ಲ.

ಇಪ್ಪತ್ತೆರಡು ವರ್ಷ ಅಲ್ಲಿ ಅಡುಗೆ ಮಾಡಿದ ಭಾಗೀರಥಮ್ಮ ಸೌಟು ತೊಳೆದಿಟ್ಟು, ಬಟ್ಟೆಯ ಗಂಟು ಕಟ್ಟಿಕೊಂಡು, ಹೊಳೆ ದಾಟಿ ಹೋಗಿದ್ದರು. ಆಚೆ ದಡದ ಹೊಂಗೆಮರದ ಕೆಳಗೆ ಕೂತಿದ್ದರು. ಅವರ ತಮ್ಮನ ಗಾಡಿ ಮಧ್ಯಾಹ್ನದೊಳಗೆ ಬರುವುದಿತ್ತು. ಗಾಡಿ ಹತ್ತಿದರೆ ಮತ್ತೆ ತಿರುಗಿ ಬರುವ ಹೆಂಗಸಲ್ಲ.

ಇದಾದದ್ದು ವಾಮನನಿಂದ. ಶಿಷ್ಯರಲ್ಲೆಲ್ಲ ಅವನೇ ಹೆಚ್ಚು ಓದಿದವನು. ಓದಿದ ಒಂದಕ್ಷರವನ್ನೂ ಮರೆಯದವನು. ಅದೇ ಎಲ್ಲರಿಗೂ ತಲೆನೋವು.

ಗುರುಗಳು ಅವನನ್ನು ಜಗಲಿಗೆ ಕರೆಸಿದರು. “ಏನಂದೆ ಅವರಿಗೆ?”

“ಕೆಟ್ಟದ್ದೇನೂ ಅನ್ನಲಿಲ್ಲ ಗುರುಗಳೇ. ನಿನ್ನೆ ಹುಳಿ ಬಹಳ ಚೆನ್ನಾಗಿತ್ತು. ‘ಎಷ್ಟು ರುಚಿಯಾಗಿ ಮಾಡ್ತೀಯೇ ಮುಂಡೇದೇ’ ಅಂದೆ. ಪ್ರೀತಿಯಿಂದಲೇ ಅಂದೆ.”

ಗುರುಗಳು ಕಣ್ಣು ಮುಚ್ಚಿಕೊಂಡರು.

“ನಮ್ಮಜ್ಜಿ ನನ್ನನ್ನು ಹಾಗೇ ಕರೀತಿದ್ದಳು. ‘ಬಾರೋ ಮುಂಡೇದೇ, ತುಪ್ಪ ಅನ್ನ ಉಣ್ಣು’ ಅಂತ.”

“ಭಾಗೀರಥಮ್ಮ ನಿನ್ನ ಮೊಮ್ಮಗಳೇನೋ?”

“ಅಲ್ಲ. ಆದರೆ ಮೂಲ ನೋಡಿದರೆ ತಲೆ ಬೋಳಿಸಿದವರು ಅಂತಷ್ಟೇ ಅರ್ಥ. ಆಮೇಲೆ ಗಂಡ ಸತ್ತವರಿಗೆ ಅಂದರು. ಆಮೇಲೆ ಜನ ಬೈಗುಳ ಮಾಡಿಕೊಂಡರು. ಅದಕ್ಕೆ ನಾನೇನು ಮಾಡಲಿ? ಇದನ್ನೆಲ್ಲ ಅವರಿಗೆ ನಿನ್ನೆಯೇ ಬಿಡಿಸಿ ಹೇಳಿದೆ.”

“ಹೇಳಿಯೂ ಬಿಟ್ಟೆಯಾ!”

“ಎರಡು ಸಲ.”

ಗುರುಗಳು ಹಣೆ ಚಚ್ಚಿಕೊಂಡರು.

“ಗಂಡ ಹೋದಾಗ ಅವರಿಗೆ ಹತ್ತೊಂಬತ್ತು ವರ್ಷ. ಆಮೇಲೆ ಹದಿನಾಲ್ಕು ವರ್ಷ ಅತ್ತೆ ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಆ ಮಾತಿನಿಂದಲೇ ಕರೆದರು. ಇಲ್ಲಿಗೆ ಬಂದ ದಿನ ಹೆಸರೇನಮ್ಮ ಅಂತ ನಾನು ಕೇಳಿದರೆ, ಹೇಳೋಕೆ ಎಷ್ಟು ಹೊತ್ತು ಹಿಡೀತು ಗೊತ್ತೇನೋ ಮಹಾರಾಯ?”

ವಾಮನನ ಮುಖ ಇಳಿಯಿತು. “ನನಗೆ ಗೊತ್ತಿರಲಿಲ್ಲ.”

“ಅರ್ಥ ಹೇಳೋಕೆ ಪುರುಸೊತ್ತಿತ್ತು, ಕೇಳೋಕೆ ಇರಲಿಲ್ಲ. ಹೋಗು. ಕರಕೊಂಡು ಬಾ.”

ವಾಮನ ಹೊಳೆಗೆ ಓಡಿದ.

ದಡದಲ್ಲಿ ಒಂದು ಹಳೆಯ ಕಲ್ಲು ನೆಟ್ಟಿತ್ತು. ‘ಇಲ್ಲಿ ಮೊಣಕಾಲುದ್ದ ನೀರು’ ಎಂದು ಹಳೆಯ ಅಕ್ಷರಗಳಲ್ಲಿ ಕೆತ್ತಿತ್ತು. ಅದನ್ನು ಓದಬಲ್ಲವನು ಆಶ್ರಮದಲ್ಲಿ ವಾಮನ ಒಬ್ಬನೇ. ಉಳಿದವರೆಲ್ಲ ಸ್ವಲ್ಪ ಕೆಳಗೆ ಹೋಗಿ, ಕೋಲಿನಿಂದ ನೆಲ ತಡವಿಕೊಂಡು ದಾಟುತ್ತಿದ್ದರು. ಭಾಗೀರಥಮ್ಮನೂ ಹಾಗೇ ದಾಟಿದ್ದರು.

ವಾಮನ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಲ್ಲಿನ ಪಕ್ಕದಲ್ಲೇ ಇಳಿದ. ಮೂರನೆಯ ಹೆಜ್ಜೆಗೆ ನೀರು ಎದೆಗೆ ಬಂತು. ನಾಲ್ಕನೆಯದಕ್ಕೆ ತಲೆಯೇ ಕಾಣಲಿಲ್ಲ.

ಹಿಂದೆಯೇ ಬಂದಿದ್ದ ಗುರುಗಳು ಕೋಲು ಚಾಚಿ ಅವನನ್ನು ದಡಕ್ಕೆಳೆದರು.

“ಮೊಣಕಾಲುದ್ದ ಅಂತ ಬರೆದಿದೆ!” ವಾಮನ ಕೆಮ್ಮುತ್ತಲೇ ಜಗಳಕ್ಕೆ ನಿಂತ.

“ಬರೆದಿದೆ.”

“ಬರೆದವರು ಸುಳ್ಳು ಹೇಳಿದರೇ?”

“ಇಲ್ಲಪ್ಪ. ಅವರು ಬರೆದಾಗ ಅಷ್ಟೇ ಇತ್ತು.”

“ಮತ್ತೆ?”

“ಹೊಳೆಗೆ ಓದು ಬರಲ್ಲ.”

ವಾಮನ ಕಲ್ಲನ್ನು ನೋಡಿದ. ನೀರನ್ನು ನೋಡಿದ. ಒದ್ದೆ ಪಂಚೆಯನ್ನು ಹಿಂಡಿಕೊಂಡ.

ಅವನು ಮುಳುಗಿದ್ದನ್ನು ಕಂಡು ಆಚೆ ದಡದಲ್ಲಿ ಭಾಗೀರಥಮ್ಮ ಎದ್ದು ನೀರಿನ ಅಂಚಿಗೆ ಬಂದಿದ್ದರು. ಅವರ ಹಿಂದೆ, ದೂರದ ದಾರಿಯಲ್ಲಿ ಗಾಡಿಯ ಧೂಳು ಏಳುತ್ತಿತ್ತು.

“ಗುರುಗಳೇ, ಹೋಗಿ ಏನು ಹೇಳಲಿ? ಅಜ್ಜಿಯ ವಿಷಯದಿಂದ ಶುರು ಮಾಡಲಾ?”

ಗುರುಗಳು ದೊಡ್ಡದೊಂದು ಉಸಿರು ಬಿಟ್ಟರು. ತಮ್ಮ ಕೋಲನ್ನು ಅವನ ಕೈಗೆ ತುರುಕಿದರು.

“ಮೊದಲು ಕೋಲು ಇಡು, ಆಮೇಲೆ ಕಾಲು. ಆಚೆ ದಡ ಹತ್ತಿದ ಮೇಲೂ.”